ಕೆಂಪು ಮಖಮಲ್ಲಿನ ಗೌನು

"ಪರವಾಗಿಲ್ಲ."

ಉಂಗುರ ತೊಡಿಸಿದ ಮೇಲೆ ನೇರಿ ಅರ್ದಿನಿ ತನ್ನ ಹೆಂಡತಿಗೆ ಆಡಿದ ಮೊದಲ ಮಾತು ಇದು!

ದಿಯಾನೋರಾಳ ಮೈಯೆಲ್ಲ ಉರಿದುಹೋಯಿತು. ದೂರದ ಬ್ರೂಜ್ ಪಟ್ಟಣದಿಂದ ಹಿಮದ ಬೆಟ್ಟಗಳನ್ನು ದಾಟಿ, ಫ್ಲಾರೆನ್ಸಿನ ದೊಡ್ಡ ಬ್ಯಾಂಕಿನ ಮನೆತನಕ್ಕೆ ಸೊಸೆಯಾಗಿ ಬಂದವಳು ಅವಳು. ಅವನೇ ಕಳಿಸಿದ ಕೆಂಪು ಮಖಮಲ್ಲಿನ ಗೌನು ತೊಟ್ಟು ಬಿಳಿ ಕುದುರೆಯಿಂದ ಇಳಿದಾಗ ಬೀದಿಗೆ ಬೀದಿಯೇ ಬಾಯಿಬಿಟ್ಟು ನೋಡಿತ್ತು. ಇವನು ಮಾತ್ರ ನಾಣ್ಯ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವವನ ಹಾಗೆ ಒಂದು ಸಲ ನೋಡಿ, ಅಷ್ಟೇ ಅಂದಿದ್ದ.

'ಪರವಾಗಿಲ್ಲವಂತೆ! ನಾನೇನು ಉಣ್ಣೆ ಮೂಟೆನಾ?'

ಅದಾಗಿ ಒಂದು ವರ್ಷ. ಆ ಮನುಷ್ಯನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬಂದಿಲ್ಲ. ಕೆಟ್ಟವನಲ್ಲ, ಪಾಪ. ಗದರಿದವನಲ್ಲ, ಬೇರೆ ಹೆಣ್ಣನ್ನು ಕಣ್ಣೆತ್ತಿ ನೋಡಿದವನೂ ಅಲ್ಲ. ಆದರೆ ಅವಳು ಹೊಸ ರೀತಿಯಲ್ಲಿ ಜಡೆ ಹೆಣೆದುಕೊಂಡರೂ ಪರವಾಗಿಲ್ಲ, ತವರಿನ ರುಚಿಯಲ್ಲಿ ಮೀನು ಬೇಯಿಸಿ ಬಡಿಸಿದರೂ ಪರವಾಗಿಲ್ಲ! ಗೋಡೆಗೆ ಹಣೆ ಚಚ್ಚಿಕೊಳ್ಳೋಣ ಅನ್ನಿಸುತ್ತಿತ್ತು ಅವಳಿಗೆ.

ಹೋದ ತಿಂಗಳು ನೇರಿಯ ಚಿಕ್ಕಪ್ಪನ ಮಗನಿಗೆ ಮದುವೆಯಾಯಿತು. ಅತ್ತೆ ಪಿಯೇರಾ ಬಂದು, ಮನೆಯ ಹೆಂಗಸರು ದಿಯಾನೋರಾಳಿಗೆ ತೊಡಿಸಿದ್ದ ಉಂಗುರಗಳನ್ನೆಲ್ಲ ಬಿಚ್ಚಿಸಿಕೊಂಡು ಹೊಸ ಸೊಸೆಗೆ ಕೊಟ್ಟರು. ಈ ಬೆಳಿಗ್ಗೆ ಮತ್ತೆ ಬಂದರು.

"ಆ ಕೆಂಪು ಗೌನು ಕೊಡಮ್ಮ. ಹಳೇ ಬಟ್ಟೆ ವ್ಯಾಪಾರಿ ಬಂದಿದಾನೆ, ನಿಮ್ಮ ಮಾವ ಮಾರ್ತಾರಂತೆ."

"ಮಾರ್ತಾರಾ? ಅದು ನನ್ನ ಮದುವೆ ಗೌನು ಅತ್ತೆ!"

"ನಿಂದು ಅಂತ ಯಾರು ಹೇಳಿದ್ರು? ಗಂಡನ ಮನೆಯವರು ತೊಡಿಸಿದ್ದು ಗಂಡನ ಮನೇದೇ. ವರ್ಷ ತುಂಬಿದ್ಮೇಲೆ ವಾಪಸ್. ನಂದೂ ಹಂಗೇ ಹೋಯ್ತು."

ಬ್ರೂಜಿನಲ್ಲಿ ಕೊಟ್ಟ ಉಡುಗೊರೆಯನ್ನು ವಾಪಸ್ ಕೇಳಿದರೆ ಅದಕ್ಕೆ ಒಂದೇ ಅರ್ಥ. ಸಂಬಂಧ ಮುಗಿಯಿತು! ಪೆಟ್ಟಿಗೆಯಿಂದ ಗೌನನ್ನು ತೆಗೆದು ಅತ್ತೆಯ ಕೈಗಿಟ್ಟವಳೇ ಅವಳು ಊಟದ ಮನೆಗೆ ಓಡಿದಳು. ನೇರಿ ರೊಟ್ಟಿ ಮುರಿದುಕೊಂಡು ದ್ರಾಕ್ಷಾರಸದಲ್ಲಿ ಅದ್ದುತ್ತಿದ್ದ.

"ಗೌನು ಮಾರ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ಹೂಂ."

"ಏನೂ ಅನ್ಸಲ್ವಾ ನಿಮಗೆ?"

"ಮನೆ ಪದ್ಧತಿ ದಿಯಾನೋರಾ... ಎಲ್ಲರ ಮನೇಲೂ ಹೀಗೇ."

"ಆ ಗೌನು ನಿಮಗೆ ಇಷ್ಟ ಇತ್ತಾ, ಇಲ್ವಾ? ಅದನ್ನಾದ್ರೂ ಹೇಳಿ!"

ಅವನ ತುಟಿ ಅಲುಗಿತು. "ಪರವಾ..."

"ಸಾಕು! ರೇಷ್ಮೆ ಹೇರಿದ ಹೇಸರಗತ್ತೆಗಳ ಜೊತೆ ನಮ್ಮ ಸೋದರಮಾವ ಇವತ್ತೇ ಬ್ರೂಜಿಗೆ ಹೊರಟಿದಾರೆ. ನಾನೂ ಹೊರಟೆ. ಗೌನಿನ ಜೊತೆ ಹೆಂಡತೀನೂ ವಾಪಸ್ ಅಂದ್ಕೊಳ್ಳಿ!"

ನೇರಿ ರೊಟ್ಟಿ ಚೂರು ಹಿಡಿದುಕೊಂಡು ಹಾಗೇ ಕೂತಿದ್ದ. ಹೋಗಬೇಡ ಅನ್ನಲಿಲ್ಲ. ಅದೊಂದು ಮಾತಿಗಾಗಿ ಬಾಗಿಲಲ್ಲಿ ಒಂದು ಗಳಿಗೆ ಕಾದಳು ಹುಚ್ಚಿ...

ಕೋಣೆಗೆ ಬಂದು ಗಂಟು ಕಟ್ಟತೊಡಗಿದಳು. ಗೌನನ್ನು ಕೆಳಗೆ ಕೊಟ್ಟು ಬಂದ ಅತ್ತೆ ಪೆಟ್ಟಿಗೆಯ ಮೇಲೆ ಕುಕ್ಕರಿಸಿದರು.

"ಅವನೊಬ್ಬನದೇ ತಪ್ಪಲ್ಲಮ್ಮ. ಬ್ಯಾಂಕಿನ ಮೇಜಿನ ಹಿಂದೆ ಕೂರಿಸಿದ ದಿನಾನೇ ಇವರಿಗೆ ಕಲಿಸೋದು, ಇಷ್ಟ ಆಗಿದ್ದನ್ನ ಮುಖದಲ್ಲಿ ತೋರಿಸ್ಬೇಡ, ಬೆಲೆ ಏರುತ್ತೆ ಅಂತ. ಚಿಕ್ಕವನಿದ್ದಾಗ ಒಂದು ಮುತ್ತು ನೋಡಿ ನಕ್ಕ ಅಂತ ಅವರಪ್ಪ ಕೈಮೇಲೆ ಬಾರಿಸಿದ್ರು."

"ನಾನು ಮುತ್ತಲ್ಲ ಅತ್ತೆ, ಹೆಂಡತಿ!"

"ಅವರಪ್ಪ ನನ್ನನ್ನ ಮೆಚ್ಚಿದಾರೋ ಇಲ್ವೋ... ಇವತ್ತಿಗೂ ನಂಗೆ ಗೊತ್ತಿಲ್ಲ."

ದಿಯಾನೋರಾಳ ಕೈ ಇನ್ನೂ ಬೇಗ ಓಡಿತು. 'ಮುದುಕಿಯಾದ ಮೇಲೆ ನಾನೂ ಇದೇ ಮಾತು ಹೇಳ್ಬೇಕಾ? ನನ್ನಿಂದಾಗಲ್ಲ!'

ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಗದ್ದಲ. ಇಬ್ಬರೂ ಕಿಟಕಿಗೆ ಬಂದರು.

ಬಟ್ಟೆ ವ್ಯಾಪಾರಿ ಬಿಂದೋ ಗೌನನ್ನು ಹೆಗಲಿಗೇರಿಸಿಕೊಂಡು ಹೊರಟಿದ್ದ. ಮಾವ ಗ್ವಾಲ್ತಿಯೇರಿ ಹಣದ ಚೀಲದ ಬಾಯಿ ಕಟ್ಟುತ್ತಿದ್ದರು. ನೇರಿ ಓಡಿಬಂದು ದಾರಿಗೆ ಅಡ್ಡ ನಿಂತಿದ್ದ. ಎದೆಯ ತುಂಬ ರೊಟ್ಟಿಯ ಪುಡಿ!

"ಆ ಗೌನು ನಂಗೆ ಬೇಕು."

ಬಿಂದೋನ ಕಣ್ಣು ಅರಳಿತು. "ಒಡೆಯರಿಗೆ ಅಷ್ಟೊಂದು ಇಷ್ಟಾನಾ?"

"ತುಂಬಾ ಇಷ್ಟ!"

"ಲೋ, ಮುಖ ಆ ಕಡೆ ತಿರುಗಿಸೋ!" ಮಾವ ಕೂಗಿದರು.

"ಹಾಗಾದ್ರೆ ಕೊಂಡಿದ್ದರ ಎರಡರಷ್ಟಾಗುತ್ತೆ ಒಡೆಯಾ."

"ಆಯ್ತು."

"ಚೌಕಾಸಿ ಮಾಡೋ, ಮೂರ್ಖ!"

"ಮೂರರಷ್ಟು ಅಂದ್ರೆ?" ಬಿಂದೋ ಮೆಲ್ಲಗೆ ಕೇಳಿದ.

"ಅದೂ ಆಯ್ತು, ನನ್ನ ಕುದುರೆ ಬಿಚ್ಕೊಂಡು ಹೋಗು. ಅಪ್ಪಾ, ನೀವು ಸುಮ್ನಿರಿ! ಕುದುರೆ ನಂದು, ಬ್ಯಾಂಕಿನದ್ದಲ್ಲ. ಮನೆಯವರು ಮಾರಾಯ್ತು, ನಾನು ಕೊಂಡಾಯ್ತು. ಇನ್ನು ಯಾವ ಪದ್ಧತಿನೂ ಇದನ್ನ ವಾಪಸ್ ಕೇಳೋ ಹಾಗಿಲ್ಲ. ಇದು ಅವಳದ್ದು!"

ಬ್ಯಾಂಕಿನ ಗುಮಾಸ್ತರು, ಆಳುಕಾಳು ಎಲ್ಲ ನೋಡುತ್ತಿದ್ದರು. ನೇರಿಯ ಮುಖ ಕೆಂಪಾಗಿತ್ತು, ಕಣ್ಣು ತುಂಬಿತ್ತು. ಅದನ್ನವನು ಮುಚ್ಚಿಕೊಳ್ಳಲೇ ಇಲ್ಲ. ವರ್ಷವಿಡೀ ಕಾದರೂ ಕಾಣದ ಮುಖ ಅದು... ದಿಯಾನೋರಾಳ ಕೈಯಿಂದ ಗಂಟು ಜಾರಿತು.

ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅತ್ತೆ ಸದ್ದಿಲ್ಲದೆ ಕೆಳಗಿಳಿದರು. ಅವರಿಗೂ ತಮ್ಮ ಗಂಡನನ್ನು ಒಂದು ಮಾತು ಕೇಳುವುದಿತ್ತು.

"ಚೆನ್ನಾಗಿ ಮೋಸ ಹೋದ್ರಿ," ಅಂದಳು ದಿಯಾನೋರಾ.

"ಹೂಂ. ಚೆನ್ನಾಗೇ ಹೋದೆ."

"ಆ ದಿನ ಯಾಕೆ ಹಾಗಂದ್ರಿ?"

"ನೀನು ಕುದುರೆ ಇಳಿದಾಗ ಉಸಿರೇ ನಿಂತಿತ್ತು. ಹೆದರಿಬಿಟ್ಟೆ... ನೀನು ನಂಗೆ ಎಷ್ಟು ಬೇಕು ಅಂತ ಗೊತ್ತಾದ್ರೆ, ಕೈಗೇ ಸಿಗಲ್ವೇನೋ ಅಂತ."

ಅವಳು ಅವನ ಕೈಯಲ್ಲಿದ್ದ ಗೌನನ್ನು ತೆಗೆದುಕೊಂಡು ಎದೆಗೆ ಹಿಡಿದು ನಿಂತಳು. "ಈಗ ಹೇಳಿ. ಹೇಗಿದೀನಿ?"

"ಪರ..."

ಅವಳು ಹುಬ್ಬು ಗಂಟಿಕ್ಕಿದಳು. ಅವನು ನಾಲಿಗೆ ಕಚ್ಚಿಕೊಂಡ.

"ಹೋಗಬೇಡ ದಿಯಾನೋರಾ. ನೀನಿಲ್ಲದೆ ನಂಗಾಗಲ್ಲ."

ಅವಳು ಅವನ ಎದೆಯ ಮೇಲಿನ ರೊಟ್ಟಿಯ ಪುಡಿ ಕೊಡವಿ, ಅಲ್ಲೇ ತಲೆಯಿಟ್ಟಳು.

"ಈ ಮಾತು... ಪರವಾಗಿಲ್ಲ."