ಹರಿಯದ ಪಟ್ಟಿ

“ತಗೊಂಡು ಹೋಗಪ್ಪಾ. ಆದರೆ ಯಾರ ಎದೆಗೂ ಚುಚ್ಚಬೇಡ,” ಎಂದಳು ಮುದುಕಿ.

ಯುದ್ಧ ಸಂಗ್ರಹಾಲಯಕ್ಕೆ ಹೊಸದಾಗಿ ಬಂದಿದ್ದ ಅಧಿಕಾರಿ ಅವಳು ಕೊಟ್ಟ ಡಬ್ಬಿಯ ಮುಚ್ಚಳ ತೆರೆದ. ಶತ್ರುವಿನ ಎರಡು ವಿಮಾನ ಹೊಡೆದುರುಳಿಸಿದ್ದಕ್ಕೆ ಆಕೆಯ ಪೈಲಟ್ ಗಂಡನಿಗೆ ಸಿಕ್ಕ ಶೌರ್ಯ ಪದಕ ಒಳಗಿತ್ತು. ಅದರ ಸುತ್ತ ಹೆಂಗಸಿನ ಉದ್ದ ಕೂದಲು ಬಿಗಿದಿತ್ತು. ಗ್ರೀಸಿನ ಕಮಟು ವಾಸನೆ ಮೂಗಿಗೆ ಬಡಿಯಿತು.

“ಇದನ್ಯಾರು ಕಟ್ಟಿದ್ದು?”

“ನಮ್ಮ ಯಜಮಾನರ ವಿಮಾನ ನೋಡ್ಕೊಳ್ತಿದ್ದ ಮೆಕ್ಯಾನಿಕ್‌ನ ಹೆಂಡತಿ. ಅವಳ ಗಂಡನ್ನ ಹುಚ್ಚ ಅಂತ ಕೂಡಿಹಾಕಿ ಸಾಯಿಸಿಬಿಟ್ಟರು. ಅವಳು ನಮ್ಮ ಮನೆ ಕೆಲಸಕ್ಕೆ ಸೇರಿಕೊಂಡು ಮಾಟ ಮಾಡಿದಳು. ಆಮೇಲೆ ಯಜಮಾನರು ಒಂದೇ ಸಲ ಇದನ್ನ ಹಾಕ್ಕೊಂಡರು. ಸಾಯೋವರೆಗೂ ಬಾಯಿಗೆ ಬಟ್ಟೆ ತುರುಕಿ ಇಟ್ಟಿದ್ದೆ.”

“ಮಾಟವಂತೆ!” ಅವನು ಜೇಬಿನ ಚಾಕುವಿನಿಂದ ಕೂದಲು ಕತ್ತರಿಸಿ ಅವಳ ಕಾಲ ಬಳಿಯೇ ಎಸೆದ.

ಮಾರನೆಯ ದಿನ ಬೆಳಿಗ್ಗೆ ಪದಕವನ್ನು ಸಂಗ್ರಹಾಲಯಕ್ಕೆ ಒಪ್ಪಿಸುವ ಸಮಾರಂಭ. ನಿವೃತ್ತ ಸೇನಾಧಿಕಾರಿಗಳು, ಪತ್ರಕರ್ತರು ತುಂಬಿದ್ದರು. ಮುಂದಿನ ಸಾಲಿನಲ್ಲಿ ಮುದುಕಿಯನ್ನು ಕಂಡದ್ದೇ ಅವನಿಗೆ ಕೀಟಲೆ ಬುದ್ಧಿ ಹೊಕ್ಕಿತು. ಪದಕವನ್ನು ತನ್ನ ಕೋಟಿಗೇ ಚುಚ್ಚಿಕೊಂಡ.

“ನೋಡಿ ಅಜ್ಜಿ, ಬದುಕೇ ಇದೀನಿ!”

ಸಭೆ ನಕ್ಕಿತು. ಪಿನ್ನು ಬಟ್ಟೆ ದಾಟಿ ಚರ್ಮಕ್ಕಿಳಿಯಿತು.

ಮೊದಲು ವಾಸನೆ. ಇಂಧನ, ಕಾದ ಲೋಹ, ಬೆವರು. ಆಮೇಲೆ ಕಿವಿಯೊಳಗೆ ಎಂಜಿನ್ ಕೊರೆಯತೊಡಗಿತು. ಹಾಡಹಗಲೇ ಸಭಾಂಗಣ ಕಪ್ಪಿಟ್ಟಿತು. ಆ ಕತ್ತಲಲ್ಲಿ ಅವನು ಆಗಷ್ಟೇ ಯುದ್ಧದಿಂದ ಮರಳಿದ ವಿಮಾನದ ರೆಕ್ಕೆಯ ಕೆಳಗೆ ಮಂಡಿಯೂರಿದ್ದ. ಕೈ ತುಂಬ ಗ್ರೀಸು. ಅವು ಅವನ ಕೈಗಳಲ್ಲ. ಬಂದೂಕಿನ ಬಾಯಿಗೆ ಧೂಳು ಹೋಗದಂತೆ ಅಂಟಿಸಿದ ಬಟ್ಟೆಯ ಪಟ್ಟಿ ಎದುರಿಗಿತ್ತು. ಮೊದಲ ಗುಂಡಿಗೇ ಹರಿಯಬೇಕಾದ್ದು. ಹರಿದಿರಲಿಲ್ಲ.

ಬೆಳಕು ಮರಳಿತು. ನೀರು ಕೇಳಲೆಂದು ಬಾಯಿ ತೆರೆದ.

“ಪಟ್ಟಿ ಹರಿದಿಲ್ಲ ಸಾರ್! ಒಂದು ಗುಂಡೂ ಹಾರಿಲ್ಲ! ಆ ಎರಡು ವಿಮಾನ ಹೊಡೆದವನು ಜೊತೆಗೆ ಹೋದ ಇನ್ನೊಬ್ಬ ಪೈಲಟ್, ಅವನು ವಾಪಸ್ ಬರಲೇ ಇಲ್ಲ! ಇವನು ಹೆದರಿ ಓಡಿಬಂದ!”

ಗಂಟಲು ಬೇರೆ ಯಾರದೋ. ಗೊಗ್ಗರು, ಒಡೆದ ಗಂಟಲು. ಪದಕವನ್ನು ಎಳೆದ. ಬರಲಿಲ್ಲ. ಬೆರಳಿಗೆ ಕೂದಲು ತೊಡರಿತು. ಎದೆಯ ಒಳಗಿಂದ ಬಂದ ಕೂದಲು. ಮತ್ತೆ ಎಳೆದ. ರಕ್ತ. ಬಾಯಿ ನಿಲ್ಲಲಿಲ್ಲ.

“ತಲೆ ಕೆಟ್ಟಿದೆ ಇವನಿಗೆ, ಎಳ್ಕೊಂಡು ಹೋಗ್ರಯ್ಯಾ!” ಎಂದು ನಿವೃತ್ತ ಅಧಿಕಾರಿಯೊಬ್ಬ ಕೂಗಿದ.

ಕಾವಲುಗಾರರು ಅವನ ತೋಳು ತಿರುಚಿದರು. ಅವನು ಮುದುಕಿಯತ್ತ ನೋಡಿದ. ನಿಜ ಗೊತ್ತಿದ್ದವಳು ಅವಳೊಬ್ಬಳೇ. ಒಂದು ಮಾತು ಸಾಕಿತ್ತು.

ಅವಳು ತಲೆ ತಗ್ಗಿಸಿದಳು. ಮೆಕ್ಯಾನಿಕ್‌ನನ್ನು ಎಳೆದೊಯ್ದ ದಿನವೂ ಹೀಗೇ ತಗ್ಗಿಸಿದ್ದಳು. ಅದು ಅವನಿಗೆ ಕಣ್ಣಾರೆ ಕಂಡಷ್ಟು ಚೆನ್ನಾಗಿ ಗೊತ್ತಿತ್ತು. ಮೈಯೆಲ್ಲ ಸಿಟ್ಟಿನಿಂದ ಉರಿಯಿತು.

ಆಸ್ಪತ್ರೆಯಲ್ಲಿ ಪದಕವನ್ನು ಮಾಂಸದ ಸಮೇತ ಕತ್ತರಿಸಿ ತೆಗೆದರು. ಸಂಗ್ರಹಾಲಯದವರು ತೊಳೆದು ಗಾಜಿನೊಳಗಿಟ್ಟರು. ಅವನನ್ನು ಹುಚ್ಚಾಸ್ಪತ್ರೆಯ, ಒಳಗಡೆ ಚಿಲಕವಿಲ್ಲದ ಬಾಗಿಲ ಹಿಂದೆ ತಳ್ಳಿದರು.

“ಪಟ್ಟಿ ಹರಿದಿಲ್ಲ ಸಾರ್!” ಅವನು ಎರಡೂ ಮುಷ್ಟಿಯಿಂದ ಬಾಗಿಲು ಗುದ್ದಿದ.

ಹೊರಗೆ ವಾರ್ಡಿನವನು ರೇಡಿಯೋ ಜೋರು ಮಾಡಿದ.