ಕಣ್ಣಿಲ್ಲದ ಅಂಬಿಗ

ಸಿರಿವಾಳದ ಕೋಟೆಯ ಏಳು ಬಾಗಿಲುಗಳ ಮೇಲೂ ಬೆಳಗಿನ ನಗಾರಿ ಮೊಳಗುತ್ತಿತ್ತು. ಮಿಂದ ಪಟ್ಟದಾನೆಗಳು ಹೊಳೆಯಿಂದ ಸಾಲುಗಟ್ಟಿ ಏರಿ ಬರುತ್ತಿದ್ದವು. ಹೂವಾಡಗಿತ್ತಿಯರ ಬುಟ್ಟಿಗಳಿಂದ ರಾಜಬೀದಿಯೆಲ್ಲ ಘಮಘಮಿಸುತ್ತಿತ್ತು. ಆದರೆ ಆ ಬೀದಿಯಲ್ಲಿ ಒಬ್ಬರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಅರಸರು ತೀರಿಕೊಂಡು ತಿಂಗಳಾಗಿತ್ತು. ಏಳು ತಿಂಗಳ ಗರ್ಭಿಣಿ ರಾಣಿ ಪದುಮಾಜಿಯವರು ಮೂರು ದಿನದ ಹಿಂದೆ ಹೊಳೆ ದಾಟಿ ಕಣ್ಮರೆಯಾಗಿದ್ದರು. ಸಿಂಹಾಸನಕ್ಕೂ ದಳವಾಯಿ ಕೆಂಚರಸನಿಗೂ ನಡುವೆ ಉಳಿದದ್ದು ಆ ಬಸಿರೊಂದೇ.

ಅರಮನೆಯ ಮೊಗಸಾಲೆಯಲ್ಲಿ ಮುದಿ ಚಿತ್ರಕಾರ ಬಿರೋಜ ತಾನೇ ಬರೆದ ಗೋಡೆಯೆದುರು ಬೆವರುತ್ತ ನಿಂತಿದ್ದ. ತೀರಿಹೋದ ಅರಸರ ಅಪ್ಪಣೆಯಂತೆ ಬರೆದ ಭವಸಾಗರದ ಯಾತ್ರೆ ಅದು: ಒಂದೇ ಹರಿಗೋಲಿನಲ್ಲಿ ಅರಸ, ಕುರುಡ, ಬಾಣಂತಿ, ಜಂಗಮ, ಒಬ್ಬರ ಕೈಯನ್ನೊಬ್ಬರು ಹಿಡಿದು ಆಚೆಯ ದಡಕ್ಕೆ. ಕಣ್ಣುಗಳಷ್ಟೇ ಬಾಕಿ. ಬದುಕಿರುವವರನ್ನು ನೋಡದೆ ಬರೆದ ಮುಖ ಯಾರನ್ನೂ ನೋಡದು ಎಂಬುದು ಅವನ ಮನೆತನದ ಕಟ್ಟಳೆ. ಹಾಗಾಗಿ ಚಿತ್ರದಲ್ಲಿ ಹುಟ್ಟು ಹಿಡಿದ ಅಂಬಿಗನಿಗೆ ಹೊಳೆಯ ಹರೆಯದ ಅಂಬಿಗ ಹುಲಿಗನ ಮುಖವನ್ನೇ ಇಟ್ಟಿದ್ದ. ರಾಣಿಯವರನ್ನು ದಾಟಿಸಿ ತನ್ನ ಗುಡಿಸಲಲ್ಲಿ ಅಡಗಿಸಿದ್ದವನೂ ಅದೇ ಹುಲಿಗ.

"ಏನಯ್ಯಾ ಬಿರೋಜ," ಎನ್ನುತ್ತ ದಳವಾಯಿ ಚಿತ್ರಕ್ಕೆ ಮರೆಯಾಗಿ ಕಟ್ಟಿದ ಪರದೆಯಾಚೆ ನಿಂತ. "ನಿನ್ನ ಕುಂಚ ಸುಳ್ಳಾಡದಂತಲ್ಲ! ರಾಣಿಯನ್ನು ದಾಟಿಸಿದವನನ್ನು ನಮ್ಮ ಕಾವಲುಗಾರ ಕಾಟ ಕಂಡಿದ್ದಾನೆ. ಹೆಸರು ಮಾತ್ರ ಅವನಿಗೆ ತಿಳಿಯದಂತೆ. ಮಧ್ಯಾಹ್ನ ನಿನ್ನ ಅಂಬಿಗನನ್ನು ತೋರಿಸು. ಅವನೋ ಅಲ್ಲವೋ ಕಾಟನೇ ಹೇಳಲಿ."

"ಅಲ್ಲವಾದರೆ, ಒಡೆಯಾ?"

"ಹೊಳೆಯ ಎರಡೂ ದಂಡೆಯ ಗುಡಿಸಲುಗಳಿಗೆ ಬೆಂಕಿ. ಹೊಗೆ ಹಾಕಿದರೆ ಇಲಿ ಹೊರಗೆ ಬರಲೇಬೇಕಷ್ಟೆ."

ಹುಲಿಗನ ಮುಖ ಉಳಿದರೂ ರಾಣಿ ಸಿಗುತ್ತಾರೆ, ಅಳಿದರೂ ಸಿಗುತ್ತಾರೆ. ಬಿರೋಜನಿಗೆ ದಿಕ್ಕೇ ತೋಚಲಿಲ್ಲ. ಕುಂಚ ತೊಳೆಯುವ ಬೋಗುಣಿಯತ್ತ ಬಾಗಿದಾಗ ನೀರಿನಲ್ಲಿ ಅವನದೇ ಬೋಳುತಲೆ, ಅವನದೇ ಸುಕ್ಕುಗಳು ಕಂಡವು. ಕೃತಿಯಲ್ಲಿ ತನ್ನನ್ನೇ ಬರೆದುಕೊಳ್ಳುವವನು ಕುಲಗೇಡಿ ಎಂದಿದ್ದರು ತಂದೆ. ಬಿರೋಜ ಚೂರಿ ತೆಗೆದು ಹುಲಿಗನ ಮುಖವನ್ನು ಕೆರೆದು ಹಾಕಿದ.

ಮಧ್ಯಾಹ್ನ ದಳವಾಯಿ ಕಾಟನೊಡನೆ ಬಂದ. ಪರದೆ ಸರಿಯಿತು.

"ಇದು ನಿನ್ನದೇ ಮೋರೆ!"

"ಹೌದು ಒಡೆಯಾ. ಕರೆದೊಯ್ದವನು ನಾನೇ. ದಾಟಿಸಲಾಗಲಿಲ್ಲ. ನಡುಮಡುವಿನಲ್ಲಿ ಹರಿಗೋಲು ಮಗುಚಿತು, ತಾಯಿ ಮುಳುಗಿದರು. ಈ ಪಾಪಿ ಈಜಿ ಉಳಿದೆ."

"ಕಾಟಾ, ಇವನೇನೋ?"

ಕಾಟ ಕಂಡಿದ್ದು ಗುಂಗುರುಗೂದಲ ಹರೆಯದವನನ್ನು. ಅವನು ಗೋಡೆಯನ್ನು ದಿಟ್ಟಿಸಿದ. ಅಲ್ಲಿ ಕುರುಡನ ಕೈ ಹಿಡಿದು ಕೂತ ಜಂಗಮನಿಗೆ ಕಾಟನದೇ ಮುಖವಿತ್ತು. ಆ ಕಣ್ಣುಗಳು ನೇರವಾಗಿ ಅವನನ್ನೇ ನೋಡುತ್ತಿದ್ದವು. ಕಾಟ ಬಿರೋಜನತ್ತ ತಿರುಗಿದ.

"ಇವನೇ, ಬುದ್ಧೀ. ಈ ಬೋಳುತಲೆಯನ್ನು ಮರೆಯುವುದುಂಟೇ?"

ದಳವಾಯಿ ನಕ್ಕ. ಹುಡುಕಾಟ ನಿಲ್ಲಿಸಲು ಅಪ್ಪಣೆಯಾಯಿತು. ಬಿರೋಜನಿಗೆ ಆನೆಯ ಕಾಲಡಿ ಸಾವು.

"ಚಿತ್ರದಲ್ಲಿ ಎಲ್ಲರ ಕಣ್ಣೂ ಬರೆದಿದ್ದೀಯೆ, ನಿನ್ನದನ್ನು ಬಿಟ್ಟೆಯೇಕೆ?"

"ಅದನ್ನು ಬರೆಯುವವನು ಬೇರೆ ಇದ್ದಾನೆ, ಒಡೆಯಾ."

ಹನ್ನೆರಡು ವರ್ಷಗಳ ಮೇಲೆ ದಳವಾಯಿ ರಣದಲ್ಲಿ ಬಿದ್ದು, ಗುಡಿಸಲಲ್ಲಿ ಹುಟ್ಟಿದ ಕುಮಾರನಿಗೆ ಪಟ್ಟವಾಯಿತು. ಅಂದು ಪದುಮಾಜಿಯವರು ಆ ಗೋಡೆಯೆದುರು ಹುಲಿಗನ ಕೈಗೆ ಕುಂಚ ಕೊಟ್ಟರು.

"ತಾಯೀ, ಹುಟ್ಟು ಹಾಕುವ ಕೈಯಿದು. ಮುಖ ಕೆಟ್ಟೀತು."

"ಕೆಡಲಿ ಬಿಡಪ್ಪ. ಈ ಕಣ್ಣುಗಳನ್ನು ಬಿರೋಜ ನಿನಗಾಗಿಯೇ ಉಳಿಸಿ ಹೋಗಿದ್ದಾರೆ."

ಹುಲಿಗ ಅಂಬಿಗನ ಖಾಲಿ ಕಣ್ಣುಗಳಲ್ಲಿ ಎರಡು ಬೊಟ್ಟಿಟ್ಟ. ಒಂದು ಕಣ್ಣು ತುಸು ಕೆಳಗಿಳಿಯಿತು. ಅದನ್ನು ತಿದ್ದಲು ರಾಣಿಯವರು ಯಾರನ್ನೂ ಬಿಡಲಿಲ್ಲ.