ಉಡಿ ತುಂಬುವ ಮೊದಲು

“ಗಂಡ ಹೆಂಡ್ತಿ ಇಬ್ರೂ ಕೂಡಿ ಬಂದೀರಿ, ಭಾಳ ಛಲೋ ಆತು. ಕುಂಡ್ರಿ,” ಎನ್ನುತ್ತ ಶೇಖವ್ವ ಪಡಸಾಲೆಯಲ್ಲಿ ಜಮಖಾನ ಹಾಸಿದಳು.

ಶೈಲಾ ಬಾಯಿ ತೆರೆದಳು. ‘ಅಲ್ರೀ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಸೋಮೇಶನತ್ತ ಓರೆಗಣ್ಣಿನಲ್ಲಿ ನೋಡಿದಳು. ಆತನಾದರೂ ಹೇಳಬಹುದಲ್ಲ! ಆತ ತಲೆ ಎತ್ತಿ ಮನೆಯ ಜಂತಿಗಳನ್ನು ಎಣಿಸುತ್ತಿದ್ದ. ಗಣಿತದ ಲೆಕ್ಚರರ್ ಏನನ್ನಾದರೂ ಎಣಿಸಲೇಬೇಕು, ಸರಿ. ಆದರೆ ಕಿವಿ ಯಾಕೆ ಕೆಂಪಾಗಬೇಕು?

ಇಬ್ಬರೂ ಗದಗಿನ ಒಂದು ಪಿಯು ಕಾಲೇಜಿನವರು, ಇಬ್ಬರೂ ಮೂವತ್ತು ದಾಟಿದವರು. ಆಕೆ ಫ್ರೆಂಚ್ ಕಲಿಸುತ್ತಾಳೆ. ಎರಡು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಎದುರುಬದುರು ಕುರ್ಚಿ. ಆತನ ಡಬ್ಬಿಯ ಖಡಕ್ ರೊಟ್ಟಿಯೂ ಆಕೆಯ ಡಬ್ಬಿಯ ಶೇಂಗಾ ಚಟ್ನಿಯೂ ದಿನಾ ಕೂಡುತ್ತವೆ. ಮಾತು ಮಾತ್ರ ಹಾಜರಿ, ಪೇಪರ್ ತಿದ್ದುವುದು, ಈ ಸಲದ ಬಿಸಿಲು ಇವುಗಳ ಆಚೆ ಹೋಗಿಲ್ಲ. ಶೈಲಾಗೆ ಸೋಮೇಶನೆಂದರೆ ಜೀವ. ಆತನ ಮನಸ್ಸು ಹೇಗೋ ಗೊತ್ತಿಲ್ಲ. ಕೇಳಿ, ಇಲ್ಲ ಎನ್ನಿಸಿಕೊಂಡು, ಮರುದಿನ ಅದೇ ಕುರ್ಚಿಯ ಎದುರು ಕೂರುವ ಧೈರ್ಯ ಆಕೆಗಿರಲಿಲ್ಲ.

ಈ ಭಾನುವಾರ ಗದಗಿನ ಹತ್ತಿರದ ಹಳ್ಳಿ ಮಾಗಡಿಗೆ ಬಂದದ್ದು ಶೇಖವ್ವನ ಮೊಮ್ಮಗಳು ಸುಶ್ಮಿತಾಳ ಸಲುವಾಗಿ. ಕಾಲೇಜಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಸೋಮೇಶ ಆಕೆಯ ಕ್ಲಾಸ್ ಟೀಚರ್. ಹುಡುಗಿ ಎರಡು ವರ್ಷದ ಫ್ರೆಂಚ್ ಪಾಠವನ್ನು ಎಂಟೇ ತಿಂಗಳಲ್ಲಿ ಅರೆದು ಕುಡಿದು, ಈಗ ಕ್ಲಾಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂರುತ್ತಾಳೆ. ಮಿಕ್ಕವರು ಇನ್ನೂ ‘ನನ್ನ ಹೆಸರು, ನಿಮ್ಮ ಹೆಸರು’ ದಾಟಿಲ್ಲ.

“ಓಡೋ ಎತ್ತಿನ ಜೋಡಿ ಮಲಗೋ ಎತ್ತು ಹೂಡಿದಂಗ ಆಗೇತ್ರಿ ಅಜ್ಜಿ,” ಎಂದಳು ಶೈಲಾ.

ಶೇಖವ್ವ ನಕ್ಕಳು. ಎತ್ತಿನ ಮಾತು ತಿಳಿಯದವಳಲ್ಲ. “ಹಂಗಾದ್ರ ಏನ್ ಮಾಡೂಣಂತೀರಿ?”

“ಮೂರು ದಾರಿ ಅದಾವ್ರಿ. ಮೊಬೈಲಿನಾಗ ಆನ್‌ಲೈನ್ ಕ್ಲಾಸ್ ಹಚ್ಚಬಹುದು. ಮೇ ತಿಂಗಳದಾಗ ಹದಿನೈದು ದಿನ ಪುದುಚೇರಿಗೆ ಶಿಬಿರಕ್ಕ ಕಳಸಬಹುದು. ಇಲ್ಲಾ, ಪ್ರತಿ ಶನಿವಾರ ಮಧ್ಯಾಹ್ನ ಧಾರವಾಡಕ್ಕ ಹೋಗಿ ಡಿಗ್ರಿ ಓದೋರ ಜೋಡಿ ಕುಂತು ಕಲೀಬಹುದು. ಹಂಗ ಕಲತ್ರ ಫ್ರೆಂಚ್ ಭಾಷಾದ ಕೆಳಗಿನ ಎರಡು ಪರೀಕ್ಷಾ ಬಿಟ್ಟು ನೇರ ಮೂರನೇದಕ್ಕ ಕುಂಡ್ರತಾಳ.”

“ಮೊಬೈಲ್ ಬ್ಯಾಡ. ಮದಲ ಅದರಾಗ ಮಾರಿ ಹುಗದಿರತಾಳ. ಪುದುಚೇರಿ ಎಲ್ಲೈತೋ ಏನೋ. ಧಾರವಾಡ ಆದ್ರ ಆಗ್ಲಿ.” ಶೇಖವ್ವ ಬೆರಳೆತ್ತಿದಳು. “ಆದ್ರ ಹರೇದ ಹುಡುಗೀನ್ನ ಒಬ್ಬಾಕಿನ್ನ ಬಸ್ಸಿಗೆ ಹತ್ತಸಂಗಿಲ್ಲ ನಾ. ನೀವು ಗಂಡ ಹೆಂಡ್ತಿ ಕರಕೊಂಡು ಹೋಗಿ ಕರಕೊಂಡು ಬರ್ತೀರಿ ಅಂದ್ರ ಮಾತ್ರ ಕಳಸ್ತೀನಿ.”

ರಜೆಯೆಂದು ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಶ್ಮಿತಾ ಶೈಲಾಳತ್ತ ನೋಡಿ ಎರಡೂ ಕೈ ಜೋಡಿಸಿದಳು. ಆಕೆಗೆ ನಿಜ ಗೊತ್ತು. ದಯವಿಟ್ಟು ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿದಳು.

ಸುಮ್ಮನಿದ್ದರೆ ಮುಗಿಯಿತು. ಹುಡುಗಿಯ ದಾರಿ ಸಲೀಸು, ಜೊತೆಗೆ ಪ್ರತಿ ಶನಿವಾರ ಸೋಮೇಶನ ಪಕ್ಕದಲ್ಲಿ ಕೂತು ಧಾರವಾಡದವರೆಗೆ ಪಯಣ. ತನ್ನ ಆಸೆಯನ್ನು ಕಂಡು ಶೈಲಾ ತಾನೇ ನಾಚಿದಳು.

ಅಷ್ಟರಲ್ಲಿ ಶೇಖವ್ವ ಒಳಗಿನಿಂದ ಮೊರ ಹಿಡಿದು ಬಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮಡಿಸಿಟ್ಟ ಹಸಿರು ಕುಪ್ಪಸದ ಖಣ.

“ಸೆರಗು ಒಡ್ರಿ ಅಕ್ಕಾರ. ಮನಿಗೆ ಬಂದ ಮುತ್ತೈದಿನ್ನ ಖಾಲಿ ಉಡೀಲೆ ಕಳಸಬಾರದು.”

ಶೈಲಾಳ ಕೈ ಸೆರಗಿನವರೆಗೆ ಹೋಗಿ ನಿಂತಿತು. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಬೇರೆ. ಈ ಮುದುಕಿ ಮನಸಾರೆ ಕೊಡುವುದನ್ನು ಸುಳ್ಳಿನ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದು ಆಕೆಯಿಂದ ಆಗಲಿಲ್ಲ.

“ತಡೀರಿ ಅಜ್ಜಿ. ನಾವು ಗಂಡ ಹೆಂಡ್ತಿ ಅಲ್ರಿ. ಒಂದ ಕಾಲೇಜಿನಾಗ ಕೆಲಸ ಮಾಡ್ತೀವಿ, ಅಷ್ಟ. ಮದಲ ಹೇಳಬೇಕಿತ್ತು. ತಪ್ಪಾತು.”

ಸುಶ್ಮಿತಾಳ ಮುಖ ಬಾಡಿತು. ಸೋಮೇಶ ಉದ್ದಕ್ಕೆ ಉಸಿರು ಬಿಟ್ಟ. ‘ಬದುಕಿದೆಯಾ ಬಡಜೀವವೇ’ ಎಂಬಂತೆ ಕೇಳಿಸಿದ ಆ ಉಸಿರು ಶೈಲಾಳ ಎದೆಗೆ ಚುಚ್ಚಿತು.

ಶೇಖವ್ವ ಮೊರವನ್ನು ಕೆಳಗಿಟ್ಟಳು. “ಮತ್ತ ಇಷ್ಟೊತ್ತನಕ ಯಾಕ ಸುಮ್ನಿದ್ರಿ? ಮಾಸ್ತರ, ನಿಮ್ಮನ್ನ ಕೇಳಾಕತ್ತೀನಿ.”

ಸೋಮೇಶ ತಲೆ ತಗ್ಗಿಸಿದ. “ಕೇಳಾಕ ಛಲೋ ಅನ್ನಸ್ತಿತ್ರಿ.”

“ಏನು?”

“ನೀವು ಗಂಡ ಹೆಂಡ್ತಿ ಅಂದದ್ದು.”

ಶೈಲಾ ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಎರಡು ವರ್ಷದಿಂದ ಹೇಳಬೇಕಂತೀನ್ರಿ ಅಜ್ಜಿ, ಬಾಯಿ ಬರವಲ್ದು. ಮೇಡಂ ಒಲ್ಲೆ ಅಂದ್ರ ದಿನಾ ಕೂಡಿ ಉಣ್ಣೋದೂ ತಪ್ಪತೈತಿ ಅಂತ ಅಂಜಿಕಿ.”

“ನನಗ್ಯಾಕ ಹೇಳ್ತೀರಿ? ಮಾರಿ ಆ ಕಡೆ ಹೊಳ್ಳಸ್ರಿ!”

ಸೋಮೇಶ ತಿರುಗಿದ. ಇಷ್ಟು ವರ್ಷ ಕಣ್ಣಿಗೆ ಕಣ್ಣು ತಾಗುತ್ತಲೇ ಹಾಜರಿ ಪುಸ್ತಕಕ್ಕೆ ಜಾರುತ್ತಿದ್ದ ನೋಟ ಈಗ ಜಾರಲಿಲ್ಲ. “ಮೇಡಂ, ಸಿಟ್ಟಾಗಬ್ಯಾಡ್ರಿ...”

“ಮತ್ತ ನಾ ಅಲ್ಲ ಅಂದಾಗ ಅಷ್ಟುದ್ದ ಉಸಿರು ಬಿಟ್ರೆಲ್ಲ?”

“ಅದು ಜೀವ ಹೋದ ಉಸರ್ರಿ.”

ಶೈಲಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ನಾನೂ ಸುಮ್ನ ಇದ್ನೆಲ್ರಿ ಸರ್,” ಎಂದಳು. “ನನಗೂ ಕೇಳಾಕ ಛಲೋ ಅನ್ನಸ್ತಿತ್ತು.”

ಎರಡು ವರ್ಷ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಜ್ಜಿ, ನನ್ನ ಧಾರವಾಡ?” ಸುಶ್ಮಿತಾಳ ದನಿ ಸಣ್ಣಗೆ ಬಂತು.

“ಹೋಗು. ಉಡ್ಯಾಗ ಬೀಳೋದನ್ನೂ ತಡದು ಖರೆ ಹೇಳಿದಾಕಿ ಈಕಿ. ಈಕಿ ಒಬ್ಬಾಕಿ ಜೋಡಿ ಇದ್ರ ಸಾಕು ನಿನಗ.” ಶೇಖವ್ವ ಖಣವನ್ನು ಎತ್ತಿ ಟ್ರಂಕಿನಲ್ಲಿಟ್ಟಳು. “ಇದು ಲಗ್ನ ಆಗಿ ಬಂದಾಗ. ಮತ್ತ ಮಾಸ್ತರ, ಅಲ್ಲೀತನಕ ನೀವು ಆ ಧಾರವಾಡದ ಬಸ್ಸು ಹತ್ತಬ್ಯಾಡ್ರಿ!”

ಕೆರೆಯ ದಂಡೆಗುಂಟ ಬಸ್ ಸ್ಟಾಪಿಗೆ ನಡೆಯುವಾಗ ಸೋಮೇಶ ಮುಖ ಸಣ್ಣದು ಮಾಡಿಕೊಂಡಿದ್ದ.

“ಅಜ್ಜಿ ನನಗ ಬಸ್ಸ ಬಂದ್ ಮಾಡಿದ್ಲಲ್ರಿ.”

“ನಾಳೆ ಸಂಜಿಕ ನಮ್ಮನಿಗೆ ಬರ್ರಿ. ಅಪ್ಪ ಇರ್ತಾರ.”

“ನಾಳೇನ? ಅಷ್ಟು ಜಲ್ದಿ?”

ಶೈಲಾ ನಿಂತು, ಮೊದಲ ಸಲ ಆತನ ಕೈ ಹಿಡಿದಳು.

“ಮತ್ತ? ಪ್ರತಿ ಶನಿವಾರ ಪಕ್ಕದ ನಿಮ್ಮ ಸೀಟಿನ ಮ್ಯಾಗ ಬ್ಯಾಗ್ ಇಟಗೊಂಡು, ಇಲ್ಲಿ ಮಂದಿ ಬರ್ತಾರ, ಇಲ್ಲಿ ಮಂದಿ ಬರ್ತಾರ ಅಂತ ನಾ ಎಷ್ಟು ದಿನ ಹೇಳ್ಕೋತ ಕುಂಡ್ರಲಿ?”